ವಸ್ತಿ ಬಸ್ಸು ಮತ್ತು ಕೊನೆಯ ಅರ್ಧ ತಾಸು

"ಲೇ ಬಸಣ್ಣ, ನಿಮ್ಮ ಮನ್ಯಾಗ ದೊಡ್ಡ ಟಿವಿ ಐತಲ್ಲ, ಅದರಾಗ ನಂಗೊಂದು ಸಿನಿಮಾ ಹಾಕಿ ತೋರಿಸ್ತೀಯೇನು?"

ಶುಕ್ರವಾರ ಬೆಳಿಗ್ಗೆ ಹುಲಿಹೈದರದಿಂದ ನಮ್ಮ ಚಿಗವ್ವನ ಫೋನು. ಅದಕ್ಕೇನಂತೆ, ಬಾ ಅಂದೆ. ಯಾವ ಸಿನಿಮಾ ಅಂತ ಕೇಳಿದೆ. ಹೆಸರು ಹೇಳಿದಳು. ಬಣ್ಣದ ಸಿನಿಮಾಗಳು ಹೊಸದಾಗಿ ಬರುತ್ತಿದ್ದ ಕಾಲದ ಕಣ್ಣೀರಿನ ಕಥೆ. (ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.)

"ಪೂರಾ ಏನ್ ಬ್ಯಾಡಪ. ಕೊನೀ ಅರ್ಧ ತಾಸು ತೋರಿಸಿದ್ರ ಸಾಕು" ಅಂದು ಫೋನ್ ಇಟ್ಟಳು.

ಕೊನೆಯ ಅರ್ಧ ತಾಸು! ನಗಬೇಡಿ. ನನ್ನ ತಾಯಿಯ ತಂಗಿ ನೀಲವ್ವ, ಅಂದರೆ ಈ ಚಿಗವ್ವ, ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ಆದರೆ ಥಿಯೇಟರಿನಲ್ಲಿ ಒಂದೇ ಒಂದು ಸಿನಿಮಾದ ಕೊನೆಯನ್ನೂ ಆಕೆ ನೋಡಿಲ್ಲ.

ಕಾರಣ ವಸ್ತಿ ಬಸ್ಸು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸಂಜೆ ಪೇಟೆಯಿಂದ ಹೊರಟು, ರಾತ್ರಿ ಹಳ್ಳಿಯಲ್ಲೇ ತಂಗಿ, ಬೆಳಿಗ್ಗೆ ಮತ್ತೆ ಪೇಟೆಗೆ ಹೋಗುವುದು ವಸ್ತಿ ಬಸ್ಸು. ಅದೇ ಕೊನೆಯ ಬಸ್ಸು. ಅದು ತಪ್ಪಿದರೆ ಆ ರಾತ್ರಿ ನಿಮಗೆ ಊರಿಲ್ಲ.

ಆಗ ಹುಲಿಹೈದರದವರಿಗೆ ಸಿನಿಮಾ ಅಂದರೆ ಗಂಗಾವತಿ. ಬಟ್ಟೆ ತರಲು, ಬಳೆ ಇಡಿಸಿಕೊಳ್ಳಲು, ದವಾಖಾನೆಗೆ ತೋರಿಸಲು ಅಂತ ಹೆಂಗಸರು ಗುಂಪು ಕಟ್ಟಿಕೊಂಡು ಹೋಗುತ್ತಿದ್ದರು. (ಕಾಯಿಲೆ ಯಾರಿಗೆ ಅನ್ನುವುದು ಬಸ್ಸಿನಲ್ಲಿ ಕೂತ ಮೇಲೆ ತೀರ್ಮಾನವಾಗುತ್ತಿತ್ತು.) ಮಧ್ಯಾಹ್ನ ಎಲ್ಲರೂ ಮ್ಯಾಟಿನಿಗೆ ಹೋಗಿ ಕೂರುವುದು. ಆದರೆ ಮ್ಯಾಟಿನಿ ಬಿಡುವುದಕ್ಕೆ ಅರ್ಧ ತಾಸು ಮೊದಲೇ ಹುಲಿಹೈದರದ ವಸ್ತಿ ಬಸ್ಸು ಹೊರಡುತ್ತಿತ್ತು. ಗೇಟಿನಲ್ಲಿ ನಿಲ್ಲುತ್ತಿದ್ದ ಖಾಜಾಸಾಬ ಪುಣ್ಯಾತ್ಮ. ಹೊತ್ತಿಗೆ ಸರಿಯಾಗಿ ಬಾಗಿಲ ಪರದೆ ಸರಿಸಿ ಕತ್ತಲೊಳಗೆ ಕೂಗುತ್ತಿದ್ದ: "ಹುಲಿಹೈದರ ವಸ್ತಿ ಬಿಡ್ತೈತಿ, ಏಳ್ರಿ!"

ತೆರೆಯ ಮೇಲೆ ಹೀರೋ ಬೆಟ್ಟದ ತುದಿಗೆ ಜೋತುಬಿದ್ದಿರಲಿ, ನಾಯಕಿಯ ಕೊರಳ ಹತ್ತಿರ ಬೇಡದವನ ತಾಳಿ ಬಂದಿರಲಿ, ಹುಲಿಹೈದರ ಎದ್ದು ಹೋಗುತ್ತಿತ್ತು. ಜೋತುಬಿದ್ದವನ ಗತಿ ಏನಾಯಿತು? ಅದನ್ನು ಗಂಗಾವತಿಯವರು ನೋಡಿಕೊಳ್ಳಲಿ.

ಆದರೆ ಊರಲ್ಲಿ ಉಳಿದವರು ಬಿಡಬೇಕಲ್ಲ? ಅವರು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. "ಆಮ್ಯಾಲೇನಾತು ನೀಲವ್ವ?" ಅಂತ ಕೇಳಿದಾಗ "ಬಸ್ಸಿಗೆ ಎದ್ದು ಬಂದ್ವಿ" ಅನ್ನಲು ಚಿಗವ್ವನಿಗೆ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ತಾನೇ ಒಂದು ಕೊನೆ ಕಟ್ಟಿಕೊಂಡು ಬರುತ್ತಿದ್ದಳು. ಬಸ್ಸು ಕನಕಗಿರಿ ದಾಟುವಷ್ಟರಲ್ಲಿ ಖಳನಾಯಕನ ಹಣೆಬರಹ ಬರೆದು ಮುಗಿದಿರುತ್ತಿತ್ತು.

ರಜೆಗೆ ಅಲ್ಲಿಗೆ ಹೋಗುತ್ತಿದ್ದ ನಾನು ಈ ಸಿನಿಮಾಗಳನ್ನು ಕೇಳಿ ಬೆಳೆದವನು. ಚಿಗವ್ವನ ಕಥೆಯಲ್ಲಿ ಕೊನೆಗೆ ಯಾರೂ ಸಾಯುವುದಿಲ್ಲ, ಯಾರೂ ಜೈಲಿಗೂ ಹೋಗುವುದಿಲ್ಲ. ಎಲ್ಲರಿಗೂ ಒಂದೊಂದು ಉದ್ಯೋಗ ಸಿಗುತ್ತದೆ. ಡಕಾಯಿತ ಹಿಟ್ಟಿನ ಗಿರಣಿ ಹಾಕುತ್ತಾನೆ. ಸ್ಮಗ್ಲರ್ ಎಮ್ಮೆ ಕಟ್ಟುತ್ತಾನೆ. ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕ ಮರುದಿನವೇ ಹೊಲ ಪಾಲು ಮಾಡಿಕೊಳ್ಳುತ್ತಾರೆ. (ಇದು ಮಾತ್ರ ಚಿಗವ್ವ ಕಣ್ಣಾರೆ ಕಂಡದ್ದು.) ಕಾಲೇಜಿನಲ್ಲಿ ಗೆಳೆಯರ ಮುಂದೆ "ಇಲ್ಲ, ಅವನು ಕೊನೆಗೆ ಗಿರಣಿ ಹಾಕ್ತಾನೆ" ಅಂತ ಗಂಟಲು ಹರಿಯುವಂತೆ ವಾದಿಸಿ ಮುಖ ಹುಳ್ಳಗೆ ಮಾಡಿಕೊಂಡವನು ನಾನು.

ಆಮೇಲೆ ಮನೆಗೆ ಟಿವಿ ಬಂತು, ನೆಟ್ ಬಂತು. ಅವುಗಳಲ್ಲಿ ಎಷ್ಟೋ ಸಿನಿಮಾಗಳನ್ನು ಸೋಫಾದಲ್ಲಿ ಕಾಲು ಚಾಚಿ ಕೊನೆತನಕ ನೋಡಿದೆ. ನೋಡಿ ಏನು ತಿಳಿಯಿತು ಗೊತ್ತೆ? ನಮ್ಮ ಹಳೆಯ ಸಿನಿಮಾಗಳಿಗೆ ಅಂಟಿದ ರೋಗವೇ ಈ ಕೊನೆಯ ಅರ್ಧ ತಾಸು!

ಎರಡು ತಾಸು ಮನುಷ್ಯರಂತೆ ಬದುಕಿದವರೆಲ್ಲ ಕೊನೆಗೆ ಒಂದು ಗೋಡೌನಿಗೆ ಬಂದು ಸೇರುತ್ತಾರೆ. ಅಲ್ಲಿ ಖಾಲಿ ಡ್ರಮ್ಮು, ಒಣಹುಲ್ಲು, ಒಡೆಯಲೆಂದೇ ನಿಲ್ಲಿಸಿದ ಗಾಜು. ಯಾವ ವ್ಯಾಪಾರದ ಗೋಡೌನೋ, ಆ ಮಾಲು ಕೊಳ್ಳುವವರು ಯಾರೋ! ತಾಯಿಯನ್ನು ಕಂಬಕ್ಕೆ ಕಟ್ಟಿರುತ್ತಾರೆ. ಎಲ್ಲರನ್ನೂ ಹೊಡೆದು ಮಲಗಿಸಿದ ಮೇಲೆ ಪೊಲೀಸರು ಬರುತ್ತಾರೆ. ಅಲ್ಲಿಯವರೆಗೆ ಹುಲಿಯಂತಿದ್ದ ನಾಯಕಿ ಕೊನೆಯ ದೃಶ್ಯದಲ್ಲಿ ತಲೆ ತುಂಬ ಸೆರಗು ಹೊದ್ದು ಹಾಲಿನ ಲೋಟ ಹಿಡಿದು ನಿಂತಿರುತ್ತಾಳೆ. ಅವಳ ಬಾಯಿ ಯಾರು ಕಟ್ಟಿದರು? ತೋರಿಸುವುದಿಲ್ಲ.

ಇಷ್ಟೆಲ್ಲ ನಗೆಯ ಮಾತಾಯಿತು. ಆದರೆ ಚಿಗವ್ವ ಈಗ ಕೇಳಿದ ಸಿನಿಮಾದ ವಿಷಯ ನಗೆಯದಲ್ಲ.

ಅದರಲ್ಲಿ ಗಂಡ ಸಂಶಯದ ಪ್ರಾಣಿ. ಬಾಗಿಲಲ್ಲಿ ಯಾರದೋ ಚಪ್ಪಲಿ ಕಂಡಿತೆಂದು ಹೆಂಡತಿಯನ್ನು ಕೂಸಿನ ಸಮೇತ ಹೊರಗೆ ಹಾಕುತ್ತಾನೆ. ಆಕೆ ಹೊಲಿಗೆ ಕಲಿತು, ಮಿಷಿನ್ ತುಳಿದು, ಅಂಗಡಿ ಇಟ್ಟು ಮಗುವನ್ನು ಸಾಕುತ್ತಾಳೆ. ವರ್ಷಗಳು ಕಳೆಯುತ್ತವೆ. ಒಂದು ದಿನ ಗಂಡ ಸೊರಗಿ ಸುಣ್ಣವಾಗಿ ಅಂಗಡಿ ಬಾಗಿಲಿಗೆ ಬಂದು "ಮನೆಗೆ ಬಾ" ಅನ್ನುತ್ತಾನೆ. ಆಕೆ ಮಿಷಿನ್ ಬಿಟ್ಟು ಏಳುತ್ತಾಳೆ. ಮುಖ ತೆರೆಯ ತುಂಬ ಬರುತ್ತದೆ. ಅಷ್ಟರಲ್ಲಿ ಖಾಜಾಸಾಬ.

ಆ ಸಂಜೆ ಚಿಗವ್ವ ಕಟ್ಟೆಯ ಮೇಲೆ ಹೇಳಿದ ಕೊನೆ ನನಗೆ ಈಗಲೂ ಬಾಯಿಪಾಠ. "ಆಕಿ ಒಳಗಿಂದ ಒಂದ್ ಗ್ಲಾಸ್ ನೀರ್ ತಂದ್ ಕೊಟ್ಳು. ಅಂವ ಕುಡದ. ಆಮ್ಯಾಲ ಆಕಿ, ಅಂಗಿ ಹೊಲಸೂದಿದ್ರ ಅಳತಿ ಕೊಟ್ಟು ಹೋಗ್ರಿ, ಅಂದ್ಲು." ಕಟ್ಟೆಯ ಹೆಂಗಸರು ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ.

ಮುಂದೆ ಏನಾಯಿತು ಅಂದರೆ, ಚಿಗವ್ವನ ಮಗಳು ಗಿರಿಜಾಳ ಬಾಳಿನಲ್ಲೇ ಆ ಸಿನಿಮಾ ಬಂದು ಕೂತಿತು. ಆಕೆಯನ್ನು ಕೊಟ್ಟದ್ದು ಮಂಗಳೂರಿಗೆ. (ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಸಮುದ್ರದ್ದಲ್ಲ.) ಗಂಡನಿಗೆ ಹಾಲಿನವನ ಮೇಲೆ ಸಂಶಯ, ಬಳೆಗಾರನ ಮೇಲೆ ಸಂಶಯ, ಕೊನೆಗೆ ಕರೆಂಟಿನ ಮೀಟರ್ ನೋಡಲು ಬಂದವನ ಮೇಲೂ ಸಂಶಯ. ಒಂದು ದಿನ ಮಗಳ ಸಮೇತ ತವರಿಗೆ ತಂದುಬಿಟ್ಟು ಹೋದ. ಹುಲಿಹೈದರದ ಹಿರಿಯರು ಪಂಚಾಯ್ತಿ ಕೂತರು. ಹೆಣ್ಣುಮಗಳು ತಗ್ಗಿ ನಡೆಯಬೇಕು, ಕರೆದುಕೊಂಡು ಹೋಗಿ ಕಾಲಿಗೆ ಬೀಳಿಸಿ ಬನ್ನಿ ಅಂದರು.

ಚಿಗವ್ವ ಎದ್ದು ನಿಂತಳು. "ಆ ಸಿನಿಮಾದಾಗಿನ ಹೆಣ್ಮಗಳು ಹೋದ್ಲೇನು? ಥೇಟರ್ ತುಂಬ ಮಂದಿ ನೋಡ್ಯಾರ. ನನ್ನ ಮಗಳು ಆಕಿಗಿಂತ ಕಡಿಮಿ ಏನ್ರಿ?"

ಹಿರಿಯರು ಮುಖ ಮುಖ ನೋಡಿಕೊಂಡರು. ಹೋದಳು ಅಂತಲೂ ಅನ್ನಲಾರರು, ಇಲ್ಲ ಅಂತಲೂ ಅನ್ನಲಾರರು. ಯಾಕೆಂದರೆ ಅವರೂ ಅದೇ ವಸ್ತಿ ಬಸ್ಸಿಗೆ ಎದ್ದು ಬಂದವರು!

ಹಾಗೆ ಗಿರಿಜಾ ಉಳಿದಳು. ಹೊಲಿಗೆ ಕಲಿತಳು. ಈಗ ಕುಷ್ಟಗಿ ಬಸ್ ಸ್ಟ್ಯಾಂಡ್ ಹತ್ತಿರ ಆಕೆಯ ಅಂಗಡಿ. ಲಗ್ನದ ಸೀಸನ್ನಿನಲ್ಲಿ ಜಂಪರ್ ಹೊಲಿಸಲು ಕೊಟ್ಟವರು ಮದುಮಗಳಿಗಿಂತ ಹೆಚ್ಚು ಕಾಯುತ್ತಾರೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ.

ಶನಿವಾರ ಮಧ್ಯಾಹ್ನ ಚಿಗವ್ವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಕೊಪ್ಪಳದ ನಮ್ಮ ಮನೆಗೆ ಬಂದಳು. ನೀರು ಕುಡಿದು ವಿಷಯ ಹೇಳಿದಳು. ಮಂಗಳೂರಿನ ಹಿರಿಯರು ಭಾನುವಾರ ಗಿರಿಜಾಳ ಅಂಗಡಿಗೆ ಬರುತ್ತಾರಂತೆ. ಗಂಡನಿಗೆ ಸಕ್ಕರೆ ಕಾಯಿಲೆ, ಅವನ ಅತ್ತಿಗೆ ಅಡುಗೆ ಮಾಡಿಹಾಕುವುದು ಬಿಟ್ಟಿದ್ದಾಳೆ, ಆದದ್ದು ಆಯಿತು ಬಂದುಬಿಡು ಅಂತ. ಮುಂದೆ ಮಗಳನ್ನು ನೋಡಲು ಬಂದ ಗಂಡಿನವರು ಅಪ್ಪ ಎಲ್ಲಿ ಅಂದರೆ ಏನು ಹೇಳುತ್ತೀ ಅಂತ ಬೇರೆ ಹೆದರಿಸಿದ್ದಾರೆ. ಗಿರಿಜಾ ಏನಂದಳು? "ನಮ್ಮವ್ವ ಹೆಂಗ ಹೇಳ್ತಾಳ ಹಂಗ."

"ಅದಕ್ಕ ಬಂದೀನಿ ನೋಡು" ಅಂದಳು ಚಿಗವ್ವ. "ಆಕಿ ಖರೇ ಏನ್ ಮಾಡಿದ್ಳು ಅಂತ ಒಮ್ಮಿ ನೋಡ್ಬೇಕು. ನನ್ನ ಮಗಳ ಬಾಳೇವು ನಾ ಬಸ್ಸಿನಾಗ ಕುಂತು ಬರದೆನೇನೋ ಅಂತ ನಿದ್ದಿ ಹತ್ತವಲ್ದು."

ನಾನು ರಿಮೋಟನ್ನು ಸೋಫಾದ ದಿಂಬಿನ ಕೆಳಗೆ ಸರಿಸಿದೆ. ಯಾಕೆಂದರೆ ಶುಕ್ರವಾರವೇ ನೆಟ್ಟಿನಲ್ಲಿ ಹುಡುಕಿ ಆ ಅರ್ಧ ತಾಸನ್ನು ನಾನೂ ನನ್ನ ಹೆಂಡತಿ ಸುಜಾತಾಳೂ ನೋಡಿ ಮುಗಿಸಿದ್ದೆವು.

ಹೇಳಿಬಿಡುತ್ತೇನೆ. ಆಕೆ ಮಿಷಿನ್ ಬಿಟ್ಟು ಏಳುತ್ತಾಳಲ್ಲ? ಎದ್ದವಳು ಓಡಿ ಬಂದು ಗಂಡನ ಕಾಲಿಗೆ ಬೀಳುತ್ತಾಳೆ. "ನನ್ನನ್ನು ಕ್ಷಮಿಸಿ" ಅನ್ನುತ್ತಾಳೆ. ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಾನೆ! ಆಕೆ ಅಂಗಡಿಗೆ ಬೀಗ ಹಾಕುತ್ತಾಳೆ, ಬೀಗದ ಕೈಯನ್ನು ತುಳಸಿಕಟ್ಟೆಯ ಮೇಲೆ ಇಡುತ್ತಾಳೆ, ಕ್ಯಾಮೆರಾ ತಾಳಿಯ ಮೇಲೆ ಹೋಗಿ ನಿಲ್ಲುತ್ತದೆ. ಶುಭಂ. ಯಾರಿಗೆ ಶುಭವೋ! (ಹೆಸರು ಬರೆದರೆ ಹಿರಿಯರೂ ಹುಡುಕಿ ನೋಡಿಯಾರು.)

"ರೀ, ಇದನ್ನ ಚಿಗವ್ವಗ ತೋರಿಸಿದ್ರ ನೋಡ್ರಿ ಮತ್ತ" ಅಂದಳು ಸುಜಾತಾ, ನನ್ನನ್ನು ಅಡುಗೆಮನೆಗೆ ಕರೆದು. "ನಾಳೆ ಗಿರಿಜಾ ಅಂಗಡಿಗೆ ಬೀಗ ಬಿದ್ರ ಅದಕ್ಕ ನೀವು ಜವಾಬ್ದಾರ್ರು."

ಸರಿ, ಏನು ಮಾಡುವುದು? ಹೊತ್ತು ಕಳೆಯಬೇಕು. "ಹಳೇದು ಇರಲಿ ಚಿಗವ್ವ, ಮೊದಲು ಒಂದು ಹೊಸಾ ಸಿನಿಮಾ ನೋಡು" ಅಂತ ಶನಿವಾರ ಸಂಜೆ ದೇಶಕ್ಕೆಲ್ಲ ಹೆಸರಾದ ಒಂದು ದೊಡ್ಡ ಸಿನಿಮಾ ಹಾಕಿದೆ. ಮೂರು ತಾಸಿನದು. ಮೂರು ತಾಸಾದರೂ ನನಗೆ ನೆಮ್ಮದಿ.

ಹೀರೋ ಬಂದ. ಅಂದರೆ ಮೊದಲು ಅವನ ಬೂಟು ಬಂತು. ಆಮೇಲೆ ಹೊಗೆ. ಆಮೇಲೆ ಬೆನ್ನು. ಮುಖ ಬರುವಷ್ಟರಲ್ಲಿ ಸುಜಾತಾ ಚಹಾ ಮಾಡಿ ತಂದಿದ್ದಳು.

"ಇವ್ರ ಊರಾಗ ಕರೆಂಟ್ ಇಲ್ಲೇನು?" ಚಿಗವ್ವ ಕೇಳಿದಳು.

ಆಕೆಯದು ತಪ್ಪಲ್ಲ. ಈಗಿನ ಸಿನಿಮಾಗಳಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲೆ. ಟಿವಿಯ ಬೆಳಕು ಹೆಚ್ಚು ಮಾಡಿದರೆ ಕತ್ತಲೆಯೇ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮಾತೋ, ಹಿನ್ನೆಲೆಯ ಢಂ ಢಂನಲ್ಲಿ ಒಂದಕ್ಷರ ಕೇಳುವುದಿಲ್ಲ. ಸೌಂಡ್ ಏರಿಸಿದರೆ ಗುಂಡು ಹಾರುತ್ತದೆ, ಇಳಿಸಿದರೆ ತಾಯಿ ಪಿಸುಗುಡುತ್ತಾಳೆ. ರಿಮೋಟ್ ಹಿಡಿದು ಏರಿಸುವುದು, ಇಳಿಸುವುದು, ಇದೇ ಒಂದು ಕೂಲಿ ಕೆಲಸ. ಕೊನೆಗೆ ಕನ್ನಡ ಸಿನಿಮಾವನ್ನು ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಅರ್ಥ ಮಾಡಿಕೊಂಡೆ.

"ಈ ಗಡ್ಡದಂವ ಯಾರು?" "ಹೀರೋ ಚಿಗವ್ವ." "ಮತ್ತ ಆ ಗಡ್ಡದಂವ?" "ಅಂವ ವಿಲನ್." "ಇವ್ರ ಊರಾಗ ಗಡ್ಡ ತಗಿಯೋ ಹಡಪದವ್ರೂ ಇಲ್ಲ ಅನ್ನು."

ನಡುವೆ ನಮ್ಮ ಕಡೆಯ ಮಾತಾಡುವವನೊಬ್ಬ ಬಂದ. ಚಿಗವ್ವ ನೆಟ್ಟಗೆ ಕೂತಳು. ಅವನು ಮೂರು ಮಾತಿಗೊಮ್ಮೆ 'ಯವ್ವಾ ಯವ್ವಾ' ಅಂದ, ರೊಟ್ಟಿ ಕೇಳಿದ, ಗುಂಡು ತಿಂದು ಸತ್ತ. (ಸಿನಿಮಾದಲ್ಲಿ 'ಐತಿ' ಅಂದವನು ಇಂಟರ್‌ವಲ್ ದಾಟುವುದಿಲ್ಲ. ಬೇಕಾದರೆ ನೀವೇ ಗಮನಿಸಿ ನೋಡಿ.) "ಯಾವ ಊರಿನ ಮಾತ್ ಲೇ ಅದು?" ಅಂತ ಚಿಗವ್ವ ಕೇಳಿದಳು. ನನಗೂ ಗೊತ್ತಾಗಲಿಲ್ಲ. ಕೊಪ್ಪಳದ್ದಂತೂ ಅಲ್ಲ.

ಮೂರು ತಾಸಾದ ಮೇಲೆ ಹೀರೋ ಒಂದು ಕೊಡಲಿ ಎತ್ತಿದ. ಎತ್ತಿದ ಕೊಡಲಿ ಅಲ್ಲೇ ನಿಂತಿತು. ಪಾರ್ಟ್ ಟೂನಲ್ಲಿ ಮುಂದುವರಿಯುವುದು ಅಂತ ಅಕ್ಷರ ಬಂತು.

ಚಿಗವ್ವ ಗಲ್ಲಕ್ಕೆ ಕೈ ಇಟ್ಟಳು. "ಯಾಕ, ಇವ್ರಿಗೂ ವಸ್ತಿ ಬಸ್ಸಿಗೆ ಹೊತ್ತಾತೇನು?"

ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆದರೆ ನಕ್ಕು ಮುಗಿದ ಮೇಲೆ ಅನ್ನಿಸಿತು. ಹಳೆಯವರು ಕೊನೆ ಕೊಟ್ಟು ಕೆಡಿಸಿದರು. ಹೊಸಬರು ಕೊನೆಯನ್ನೇ ಕೊಡದೆ ಇನ್ನೊಂದು ಟಿಕೆಟ್ಟಿಗೆ ಕೈ ಒಡ್ಡುತ್ತಾರೆ. ನೋಡುವವರು ಯಾರ ಮುಂದೆ ಹೇಳಿಕೊಳ್ಳಬೇಕು?

ಭಾನುವಾರ ಚಿಗವ್ವ ಜಗ್ಗಲಿಲ್ಲ. ಊಟ ಮುಗಿಸಿ ಟಿವಿ ಮುಂದೆ ಬಂದು ಕೂತಳು. ನೆಟ್ ಬರುತ್ತಿಲ್ಲ ಅಂದೆ. "ಹಂಗಾರ ನಿನ್ನ ಮೊಬೈಲ್ ಯಾಕ ಹಾಡಾಕತ್ತೈತಿ?" ಅಂದಳು. ರಿಮೋಟಿನ ಸೆಲ್ ಹೋಗಿದೆ ಅಂದೆ. ರಿಮೋಟ್ ಕಸಿದುಕೊಂಡು ಗುಂಡಿ ಒತ್ತಿದಳು, ಟಿವಿ ಬಂತು. ಹಾಕಿದೆ.

ಅಂದು ಎದ್ದು ಬಂದ ಜಾಗ ಚಿಗವ್ವನಿಗೆ ಕರಾರುವಾಕ್ಕಾಗಿ ನೆನಪಿತ್ತು. "ಇಲ್ಲೇ, ಇಲ್ಲೇ. ಇಲ್ಲೇ ಖಾಜಾಸಾಬ ಒದರಿದ್ದು" ಅಂದಳು. ನಾಯಕಿ ಮಿಷಿನ್ ಬಿಟ್ಟು ಎದ್ದಳು. ಮುಖ ಟಿವಿಯ ತುಂಬ ಬಂತು.

ಕಾಲಿಗೆ ಬಿದ್ದಳು.

ಸುಜಾತಾ ಅಡುಗೆಮನೆಗೆ ಎದ್ದು ಹೋದಳು. ನಾನು ಟಿವಿ ನೋಡಲಿಲ್ಲ, ಚಿಗವ್ವನನ್ನು ನೋಡಿದೆ. ಬೀಗ ಬಿತ್ತು, ತುಳಸಿಕಟ್ಟೆ ಬಂತು, ತಾಳಿ ಬಂತು, ಶುಭಂ ಬಂತು. ಚಿಗವ್ವ ಅಲುಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ಲೋ, ಆ ಚಪ್ಪಲಿ ಯಾರ್ವು ಅಂತ ಇಷ್ಟ್ ವರ್ಷ ಅಂವ ಕೇಳ್ಲಿಲ್ಲ, ಈಗೂ ಕೇಳ್ಲಿಲ್ಲ. ಮಾಫಿ ಮಾತ್ರ ಆಕಿ ಕೇಳಿದ್ಳು!"

ಇಷ್ಟು ವರ್ಷ ಸಿನಿಮಾದ ಬಗ್ಗೆ ಅಭಿಪ್ರಾಯ ಬರೆಯುತ್ತ ಬಂದಿದ್ದೇನೆ. ಶುಕ್ರವಾರ ಇದೇ ಸಿನಿಮಾ ನೋಡಿದಾಗ ಬೆಳಕು ಸರಿಯಿಲ್ಲ, ಹಾಡು ಹೆಚ್ಚಾಯಿತು ಅಂತೆಲ್ಲ ಅಂದುಕೊಂಡಿದ್ದೆ. ಚಪ್ಪಲಿಯ ನೆನಪೇ ನನಗೆ ಬಂದಿರಲಿಲ್ಲ.

ಅಷ್ಟರಲ್ಲಿ ಗಿರಿಜಾಳ ಫೋನು. ಚಿಗವ್ವನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿ ಕೈಗೆ ಕೊಟ್ಟೆ.

"ಅವ್ವ, ಹಿರ್ಯಾರು ಬಂದು ಅಂಗಡ್ಯಾಗ ಕುಂತಾರ. ಚಾ ಕುಡ್ಯಾಕತ್ತಾರ. ನಾ ಹೊರಗ ಬಂದು ಮಾತಾಡಾಕತ್ತೀನಿ. ಸಿನಿಮಾ ನೋಡಿದೇನು?"

"ನೋಡಿದೆ."

"ಕೊನೀಗೆ ಆಕಿ ಏನ್ ಮಾಡಿದ್ಳು?"

ಚಿಗವ್ವ ನನ್ನ ಕಡೆ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ಸುಜಾತಾಳ ಕಡೆ ನೋಡಿದಳು. ಆಮೇಲೆ ಕಣ್ಣು ಮಿಟುಕಿಸದೆ ಹೇಳಿದಳು: "ನಾ ಹೇಳಿದ್ನಲ್ಲ, ಅದನ್ನ ಮಾಡಿದ್ಳವ್ವ. ಅಂಗಿ ಹೊಲಸೂದಿದ್ರ ಅಳತಿ ಕೊಟ್ಟು ಹೋಗ್ರಿ ಅಂದ್ಲು."

ಆ ಕಡೆ ಗಿರಿಜಾ ಕಿಸಕ್ಕನೆ ನಕ್ಕಳು. "ಅವ್ವ, ಆ ಸಿನಿಮಾ ನಾ ಗುಂಡಿ ಹಚ್ಕೋಂತ ಕುಂತು ಮೊಬೈಲ್‌ನ್ಯಾಗ ಯಾವಾಗೋ ನೋಡೀನಿ. ಆಕಿ ಕಾಲಿಗೆ ಬೀಳ್ತಾಳ."

ಚಿಗವ್ವನ ಮುಖ ನೋಡಬೇಕಿತ್ತು. "ಮತ್ತ ಇಷ್ಟ್ ದಿನ ಯಾಕ ಹೇಳ್ಲಿಲ್ಲಲೇ?"

"ಯಾಕ ಹೇಳ್ಲಿ? ನೀ ಹೇಳಿದ್ದ ಛಲೋ ಐತಿ. ಈಗ ಏನ್ ಹೇಳ್ತಿ ಅಂತ ನೋಡಬೇಕಾಗಿತ್ತು, ನೋಡಿದೆ." ಆಕೆ ಅಂಗಡಿಯೊಳಗೆ ಇಣುಕಿದಳೇನೋ. "ಚಾ ಮುಗದೈತವ್ವ. ಹಿರ್ಯಾರಿಗೆ ಏನಂತ ಹೇಳ್ಲಿ?"

ಚಿಗವ್ವ ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡಳು. ಥೇಟ್ ಖಾಜಾಸಾಬನ ದನಿಯಲ್ಲಿ, ನಮ್ಮ ಓಣಿಗೆಲ್ಲ ಕೇಳುವಂತೆ ಅಂದಳು: "ಮಂಗಳೂರ ವಸ್ತಿ ಬಿಡ್ತೈತಿ, ಏಳ್ರಿ, ಅನ್ನು!"

ಇದಕ್ಕೆ ಯಾರಾದರೂ ಪಾರ್ಟ್ ಟೂ ತೆಗೆಯಲಿ, ನೋಡೋಣ.